ಕುಡಿಯುವ ನೀರು ಬೇರೆ, ತೋಟದ ನೀರು ಬೇರೆ

ಅಮೇರಿಕ ದೇಶದ ಪಶ್ಚಿಮಭಾಗದಲ್ಲಿ ಯೂಟಾ ಎಂಬ ಸೀಮೆಯುಂಟು. ಅಲ್ಲಿಯ ಮುಖ್ಯ ಪಟ್ಟಣವಾದ ಸಾಲ್ಟ್ ಲೇಕ್ ಸಿಟಿಯಲ್ಲಿ ವರುಷಕ್ಕೆ ಬೀಳುವ ಮಳೆಯೂ ಹಿಮವೂ ಕೂಡಿ ಸುಮಾರು 16 ಅಂಗುಲ ನೀರು ಮಾತ್ರ. ಚಳಿಗಾಲದಲ್ಲಿ ಬೆಟ್ಟಗಳ ಮೇಲೆ ಬಿದ್ದ ಹಿಮವು ವಸಂತಕಾಲದಲ್ಲಿ ಕರಗಿ ಹಳ್ಳಗಳಾಗಿ ಇಳಿಯುವದು. ಬೆಳೆಗೂ ಮನೆಗೂ ಅದೇ ಆಧಾರ. 1847ನೇ ಇಸವಿಯ ಜುಲೈ ತಿಂಗಳಲ್ಲಿ ಅಲ್ಲಿಗೆ ವಲಸೆಬಂದ ಮೋರ್ಮೋನರು, ನೆಲವು ನೇಗಿಲಿಗೆ ಬಗ್ಗದಷ್ಟು ಗಟ್ಟಿಯಾಗಿದ್ದದರಿಂದ, ಸಿಟಿ ಕ್ರೀಕ್ ಎಂಬ ಹಳ್ಳಕ್ಕೆ ಕಟ್ಟೆ ಹಾಕಿ ನೆಲವನ್ನು ನೆನೆಯಿಸಿ ಉತ್ತರು. ತರುವಾಯ ಬೀದಿಗಳ ಬದಿಯಲ್ಲಿ ಕಾಲುವೆಗಳನ್ನು ತೋಡಿ, ಸರದಿಯ ಪ್ರಕಾರ ಮನೆಯ ತೋಟಗಳಿಗೆ ನೀರು ಬಿಟ್ಟರು. ಆ ಸೀಮೆಯ ಅನೇಕ ಊರುಗಳಲ್ಲಿ ಈಗ ಕಾಲುವೆಗೆ ಬದಲಾಗಿ ನೆಲದೊಳಗೆ ಕೊಳವೆಗಳುಂಟು. ಶುದ್ಧಮಾಡಿದ ನೀರಿಗೆ ಒಂದು ಕೊಳವೆ. ಶುದ್ಧಮಾಡದ ಹಳ್ಳದ ನೀರಿಗೆ ಇನ್ನೊಂದು.

ಒಂದೇ ಊರಿಗೆ ಎರಡು ಖರ್ಚು ಯಾಕೆಂದು ವಾಚಕರು ಕೇಳಬಹುದು. ಅಲ್ಲಿ ಮನೆಗಳು ಬಳಸುವ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಹುಲ್ಲಿಗೂ ಗಿಡಗಳಿಗೂ ಹೋಗುವದು. ಅದನ್ನೆಲ್ಲಾ ಸೋಸಿ, ಕ್ಲೋರೀನ್ ಕೂಡಿಸಿ, ಬಳಿಕ ಮಣ್ಣಿಗೆ ಸುರಿಯುವದು ದುಂದಲ್ಲವೇ? ಗಿಡಕ್ಕೆ ಕೆಸರು ನೀರೇ ಸಾಕು.

ಇಂಥ ಏರ್ಪಾಡನ್ನು ಕಟ್ಟುವವರು ಗುದ್ದಲಿ ಹಿಡಿಯುವ ಮೊದಲು ಲೆಕ್ಕ ಮಾಡತಕ್ಕದ್ದು. ದೃಷ್ಟಾಂತಕ್ಕಾಗಿ 400 ಮನೆಗಳ ಊರನ್ನು ತೆಗೆದುಕೊಳ್ಳೋಣ. ಮನೆಗೆ ಕಾಲು ಎಕರೆ ತೋಟವಾದರೆ 100 ಎಕರೆ. ವಾರಕ್ಕೆ ಒಂದು ಅಂಗುಲ ನೀರು ಬೇಕಾದರೆ, ಎಕರೆಗೆ ಸುಮಾರು 1,02,800 ಲೀಟರಿನಂತೆ ಒಂದು ಕೋಟಿ ಲೀಟರಿಗೂ ಮೇಲಾಯಿತು. ಇದು ಭಯಂಕರವಾಗಿ ಕಾಣುತ್ತದೆ. ಆದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಒಂದು ಕ್ಯೂಸೆಕ್ಕು ನೀರು, ಒಂದು ತಾಸಿನಲ್ಲಿ ಹೆಚ್ಚು ಕಡಿಮೆ ಒಂದು ಎಕರೆಯ ಮೇಲೆ ಒಂದು ಅಂಗುಲ ನಿಲ್ಲುವಷ್ಟಾಗುವದು. ವಾರಕ್ಕೆ 168 ತಾಸುಗಳು. ಹಾಗಾದರೆ ಹಗಲೂ ರಾತ್ರಿಯೂ ಹರಿಯುವ 0.6 ಕ್ಯೂಸೆಕ್ಕಿನ ಸಣ್ಣ ಹಳ್ಳವೇ ಈ ಊರಿಗೆ ಸಾಕು. ಎಲ್ಲರೂ ವಾರದಲ್ಲಿ ಅದೇ 12 ತಾಸು ಮಾತ್ರ ನೀರು ಹಾಯಿಸುವೆವೆಂದು ಹಟಮಾಡಿದರೋ, ಕೊಳವೆಯು 8 ಕ್ಯೂಸೆಕ್ಕಿಗಿಂತ ಹೆಚ್ಚು ಹೊರಬೇಕಾಗುವದು. ಖರ್ಚು ಊರನ್ನೇ ಮುಳುಗಿಸುವದು. ಹಳ್ಳದ ಕೊರತೆಯನ್ನು ಕೊಳವು ತೀರಿಸಬಹುದು, ಕೊಳವೆಯ ಕೊರತೆಯನ್ನು ತೀರಿಸಲಾರದು. ಅದಕ್ಕೆ ಸರದಿಯೇ ಬೇಕು. ಸರದಿ ತಪ್ಪಿದಲ್ಲಿ ಮೇಲಿನ ಬೀದಿಯವನ ಹುಲ್ಲು ಹಸುರಾಗಿರುವದು, ಬೀದಿಯ ಕೊನೆಯಲ್ಲಿರುವ ವಿಧವೆಯ ಕಾಯಿಪಲ್ಯ ಒಣಗುವದು. ನಮ್ಮ ಕೆರೆಗಳ ನೀರಗಂಟಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಕೊಳವನ್ನು ಊರಿಗಿಂತ ಎತ್ತರದಲ್ಲಿ ಕಟ್ಟುವದು ಒಳ್ಳೇದು. 100 ಅಡಿ ಎತ್ತರದ ನೀರು ಚದರ ಅಂಗುಲಕ್ಕೆ ಸುಮಾರು 43 ಪೌಂಡು ಒತ್ತಡ ಕೊಡುವದು. ಹರಿಯುವಾಗ ಕೊಳವೆಯ ಉಜ್ಜಿಕೆಯಿಂದ ಸ್ವಲ್ಪ ನಷ್ಟವಾದರೂ ಯಂತ್ರವಿಲ್ಲದೆ ತುಂತುರು ಹಾರುವದು. ಮರಳೂ ಕೆಸರೂ ಕೊಳದಲ್ಲಿಯೇ ತಳಕ್ಕಿಳಿಯಬೇಕು. ಕೊಳವೆಯ ಬಾಯಿಗೆ ಜಾಲರಿ ಇಡದೆ ಹೋದರೆ ಪಾಚಿಯೂ ಬಸವನಹುಳಗಳೂ ತುಂತುರಿನ ಸಣ್ಣ ರಂಧ್ರಗಳನ್ನು ಮುಚ್ಚಿಬಿಡುವವು.

ಅಪಾಯವಿರುವದು ಇನ್ನೊಂದು ಕಡೆ. ಈ ನೀರಿನಲ್ಲಿ ದನಗಳ ಸಗಣಿ ಸೇರಿರಬಹುದು, ರೋಗಬೀಜಗಳೂ ಇರಬಹುದು. ಕಣ್ಣಿಗೆ ಮಾತ್ರ ತಿಳಿಯಾಗಿ ಕಾಣುತ್ತದೆ. ಯಾವನಾದರೂ ತನ್ನ ಅನುಕೂಲಕ್ಕಾಗಿ ಎರಡು ಕೊಳವೆಗಳನ್ನೂ ಜೋಡಿಸಿ ನಡುವೆ ಒಂದು ತಿರುಪು ಇಟ್ಟನೆಂದುಕೊಳ್ಳಿರಿ. ಕುಡಿಯುವ ನೀರಿನ ಒತ್ತಡವು ಒಂದು ದಿನ ಇಳಿದು, ತಿರುಪು ಸ್ವಲ್ಪ ಸೋರಿದರೆ ಸಾಕು, ತೋಟದ ನೀರು ಅವನ ಮನೆಗೆ ಮಾತ್ರವಲ್ಲ, ನೆರೆಯ ಮನೆಯ ಕೂಸಿನ ಲೋಟಕ್ಕೂ ಹೋಗುವದು. ಆದದರಿಂದ ಇವುಗಳಿಗೆ ಜೋಡಣೆಯೇ ಇರಕೂಡದು. ಗುರುತಿಗಾಗಿ ತೋಟದ ಕೊಳವೆಗೆ ನೇರಳೆ ಬಣ್ಣ ಕೊಡುತ್ತಾರೆ, ನಲ್ಲಿಯ ಮೇಲೆ ಕುಡಿಯಬಾರದೆಂದು ಬರೆಯುತ್ತಾರೆ. ಓದಲಾರದ ಮಕ್ಕಳಿಗೆ ಬರಹವು ಸಾಲದು. ನಲ್ಲಿಯ ಪೆಟ್ಟಿಗೆಗೆ ಬೀಗ ಹಾಕುವದೇ ಲೇಸೆಂದು ನನ್ನ ಅಭಿಪ್ರಾಯ.

ಅಕ್ಟೋಬರದಲ್ಲಿ ತಗ್ಗಿನ ತೂಬುಗಳನ್ನು ತೆರೆದು ಕೊಳವೆಗಳನ್ನು ಬರಿದುಮಾಡುವರು, ಯಾಕಂದರೆ ನೀರು ಹೆಪ್ಪುಗಟ್ಟಿದರೆ ಹಿಗ್ಗಿ ಕೊಳವೆಯನ್ನು ಸೀಳುವದು.

ಬಹುಕಾಲ ಈ ನೀರಿಗೆ ಅಳತೆ ಇರಲಿಲ್ಲ. ವರುಷಕ್ಕೆ ಇಷ್ಟೆಂದು ಹಣ ಕೊಟ್ಟವನು ಬೇಕಾದಷ್ಟು ಸುರಿಯುತ್ತಿದ್ದನು. ಹಳ್ಳಗಳು ಸೇರುವ ದೊಡ್ಡ ಉಪ್ಪುಸರೋವರವು 2022ರಲ್ಲಿ ಲೆಕ್ಕವಿಟ್ಟ ಕಾಲದಲ್ಲೆಲ್ಲಾ ಅತಿ ಕೆಳಗೆ ಇಳಿಯಿತು. ಅದೇ ವರುಷ ಯೂಟಾದ ಶಾಸನಸಭೆಯು, ಇಂಥ ಜೋಡಣೆಗಳಲ್ಲಿ ಬಹುಭಾಗಕ್ಕೆ 2030ರೊಳಗಾಗಿ ಮಾಪಕ ಇಡಬೇಕೆಂದು ಕಾಯಿದೆ ಮಾಡಿತು. 1950ರಲ್ಲಿ ಸ್ಥಾಪಿತವಾದ ವೆಬರ್ ಬೇಸಿನ್ ಸಂಸ್ಥೆಯವರು ಅದಕ್ಕೂ ಮುಂಚೆಯೇ ಮಾಪಕಗಳನ್ನಿಟ್ಟು, ಯಾರು ಎಷ್ಟು ಬಳಸಿದರೆಂಬ ಚೀಟಿಯನ್ನು ಮನೆಮನೆಗೆ ಕಳುಹಿಸಿದರು. ಆ ಚೀಟಿಯನ್ನು ಕಂಡ ಮೇಲೆ ಜನರು ತಾವಾಗಿಯೇ ನಲ್ಲಿಯನ್ನು ಬೇಗ ಮುಚ್ಚತೊಡಗಿದರು.