ಎಡಗಡೆ ಸೀಟಿನಲ್ಲಿ ಕೂತವಳು

ಬೆಳ್ಳೂರು ಕ್ರಾಸ್ ದಾಟಿ ಹತ್ತು ಹದಿನೈದು ನಿಮಿಷವಾಗಿತ್ತು. ಡಿಸೆಂಬರಿನ ಶನಿವಾರ, ಬೆಳಕು ಇನ್ನೂ ಪೂರ್ತಿ ಹರಿದಿರಲಿಲ್ಲ, ಹೊಲಗಳ ಮೇಲೆ ಮಂಜು ಕೂತಿತ್ತು. ನಾನು ಚಿಪ್ಸ್ ಪೊಟ್ಟಣ ಬಿಚ್ಚುತ್ತಾ ಆಫೀಸಿನ ಯಾವುದೋ ಕತೆ ಹೇಳುತ್ತಿದ್ದೆ, ಅವಳು ಗಾಡಿ ಓಡಿಸುತ್ತಾ 'ಹ್ಞೂಂ' ಅನ್ನುತ್ತಿದ್ದಳು. ಒಂದು 'ಹ್ಞೂಂ' ಬರಲಿಲ್ಲ. ತಲೆಯೆತ್ತಿದೆ. ಕಾರು ಯಾವ ಅವಸರವೂ ಇಲ್ಲದೆ ಎಡಕ್ಕೆ ಸರಿಯುತ್ತಿತ್ತು. ಮುಂದೆ ರಸ್ತೆಯಂಚಿನಲ್ಲಿ ನೀಲಿ ಟಾರ್ಪಾಲು ಹೊದ್ದ ಲಾರಿಯೊಂದು ನಿಂತಿತ್ತು. ಟಾರ್ಪಾಲು ಬಿಗಿದ ಹಗ್ಗದ ಗಂಟು ಕೂಡ ಕಾಣುತ್ತಿತ್ತು, ಅಷ್ಟು ಹತ್ತಿರ. ಅವಳ ಹೆಸರು ಹಿಡಿದು ಕಿರುಚಿದೆ. ಸ್ಟೇರಿಂಗನ್ನು ಬಲಕ್ಕೆ ಎಳೆದದ್ದು ಅವಳೋ ನಾನೋ ಇವತ್ತಿಗೂ ಗೊತ್ತಿಲ್ಲ.

ಕಿರುಚುವ ಮುಂಚೆ ಅವಳ ಮುಖ ನೋಡಿದ್ದೆ. ಕಣ್ಣು ತೆರೆದೇ ಇದ್ದವು. ರೆಪ್ಪೆ ಅರ್ಧ ಇಳಿದಿತ್ತು, ಬಾಯಿ ಸ್ವಲ್ಪ ತೆರೆದಿತ್ತು, ಕೈ ಸ್ಟೇರಿಂಗಿನ ಮೇಲೇ ಇತ್ತು. ಒಳಗೆ ಅವಳಿರಲಿಲ್ಲ.

"ನಂಗೆ ಲಾರಿ ಕಂಡಿತ್ತು ಮಾರಾಯ್ತಿ, ನೀನು ಯಾಕೆ ಕಿರುಚಿದ್ದು?" ಅಂದಳು. ಸುಳ್ಳು ಹೇಳುತ್ತಿರಲಿಲ್ಲ, ಲಾರಿ ಕಂಡಿತ್ತೆಂದೇ ಅವಳು ನಂಬಿದ್ದಳು. ಕೆಲವೇ ಸೆಕೆಂಡುಗಳ ಇಂಥ ನಿದ್ದೆಗೆ ಮೈಕ್ರೋಸ್ಲೀಪ್ ಅನ್ನುತ್ತಾರೆಂದು ಆಮೇಲೆ ಓದಿದೆ. ಕಣ್ಣು ತೆರೆದಿರುವಾಗಲೇ ಮಿದುಳು ನೋಡುವುದನ್ನು ನಿಲ್ಲಿಸಿರುತ್ತದೆ. ಎಚ್ಚರವಾದಾಗ ತಾನು ನಿದ್ದೆ ಹೋಗಿದ್ದೆ ಅನ್ನುವುದೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ನಾಲ್ಕು ಸೆಕೆಂಡಿಗೆ ಸುಮಾರು 90 ಮೀಟರ್. ಅಷ್ಟು ದೂರ ಅವತ್ತು ನಮ್ಮ ಕಾರನ್ನು ಯಾರೂ ಓಡಿಸುತ್ತಿರಲಿಲ್ಲ.

ಹಿರೀಸಾವೆಯಲ್ಲಿ ನಿಲ್ಲಿಸಿದೆವು. ಅವಳು ಮುಖಕ್ಕೆ ನೀರು ಹಾಕಿಕೊಂಡಳು, ಎರಡು ಟೀ ಕುಡಿದಳು. "ಈಗ ಫ್ರೆಶ್, ಹೋಗುವ" ಅಂದಳು. ನಾನು ಹೋಗಿ ಮತ್ತೆ ಅದೇ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡೆ. ಆ ಬೆಲ್ಟಿನ 'ಕಟ್' ಅನ್ನುವ ಸದ್ದು ನನಗೆ ಲಾರಿಗಿಂತ ಹೆಚ್ಚು ನೆನಪಿದೆ. ಇನ್ನೂ ಹಾಸನ ದಾಟಬೇಕಿತ್ತು, ಸಕಲೇಶಪುರ ದಾಟಬೇಕಿತ್ತು, ಶಿರಾಡಿ ಘಾಟಿ ಇಳಿಯಬೇಕಿತ್ತು. ಎಲ್ಲ ಗೊತ್ತಿದ್ದೂ ಕೂತೆ.

ನಾವಿಬ್ಬರೂ ಪುತ್ತೂರು ಕಡೆಯವರು. ಬೆಂಗಳೂರಿನ ದಾಸರಹಳ್ಳಿಯ ಹತ್ತಿರ ಎರಡು ಕೋಣೆಯ ಮನೆಯೊಂದರಲ್ಲಿ ಬಾಡಿಗೆ, ಗ್ಯಾಸು, ಹಾಲಿನ ಲೆಕ್ಕ ಎಲ್ಲ ಅರ್ಧರ್ಧ ಹಂಚಿಕೊಂಡು ಇದ್ದವರು. ನನ್ನದು ಹಗಲಿನ ಕೆಲಸ. ಅವಳದು ಸಂಜೆ ಆರೂವರೆಯಿಂದ ಬೆಳಗಿನ ಜಾವ ಮೂರೂವರೆಯ ತನಕ ಪಾಳಿ. ಆಫೀಸಿನ ಕ್ಯಾಬು ನಾಲ್ಕು ಗಂಟೆಗೆ ಅವಳನ್ನು ಮನೆ ಬಾಗಿಲಿಗೆ ತಂದು ಬಿಡುತ್ತಿತ್ತು. ಶನಿವಾರ ಬಂದರೆ ಆ ಬಾಗಿಲಿನ ಒಳಗೆ ಕಾಲಿಟ್ಟು, ಚಪ್ಪಲಿ ಕೂಡ ಬಿಚ್ಚದೆ, ಕಾರಿನ ಕೀ ತೆಗೆದುಕೊಂಡು ಹೊರಡುತ್ತಿದ್ದಳು. ಊರಿಗೆ 300 ಕಿಲೋಮೀಟರಿಗೂ ಹೆಚ್ಚು.

ಅವಳ ಅವಸರಕ್ಕೆ ಕಾರಣವಿತ್ತು. ಅಪ್ಪನಿಗೆ ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋಗಿತ್ತು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ವಾರವಿಡೀ ರಾತ್ರಿ ಅದನ್ನು ಮಾಡುತ್ತಿದ್ದದ್ದು ಅಮ್ಮ. ಮಗಳು ಹೋದರೆ ಶನಿವಾರ ಒಂದು ರಾತ್ರಿಯಾದರೂ ಅಮ್ಮ ನಿದ್ದೆ ಮಾಡುತ್ತಾರೆ. ಹಾಗೆ ಅಮ್ಮನಿಗೆ ನಿದ್ದೆ ಕೊಡಲು ಇವಳು ತನ್ನ ನಿದ್ದೆ ಬಿಡುತ್ತಿದ್ದಳು, ಆಮೇಲೆ ಭಾನುವಾರ ಸಂಜೆ ಅದೇ ಮೈಯಲ್ಲಿ ವಾಪಸ್ ಗಾಡಿ ಓಡಿಸುತ್ತಿದ್ದಳು. ಇದು ಗೊತ್ತಿದ್ದವರು ಅವಳಿಗೆ ಬೇಡ ಅನ್ನುವುದು ಹೇಗೆ? ನನ್ನ ಬಾಯಿ ಕಟ್ಟಿದ್ದು ಇದೇ.

ಆ ದಾರಿಯಲ್ಲಿ ಹೋಗುವವರೆಲ್ಲ ಹೆದರುವುದು ಶಿರಾಡಿಗೆ. ನನ್ನ ಅನುಭವದಲ್ಲಿ ಘಾಟಿಯಲ್ಲಿ ಅವಳು ಚೆನ್ನಾಗಿಯೇ ಓಡಿಸುತ್ತಿದ್ದಳು. ತಿರುವು, ಎದುರು ಬರುವ ಟ್ಯಾಂಕರು, ಪಕ್ಕದ ಪ್ರಪಾತ ಎಲ್ಲ ಸೇರಿ ಮನುಷ್ಯನನ್ನು ಎಬ್ಬಿಸಿ ಕೂರಿಸುತ್ತವೆ. ನಿದ್ದೆ ಕಾಯುತ್ತಿದ್ದದ್ದು ಕುಣಿಗಲ್ಲಿನಿಂದ ಚನ್ನರಾಯಪಟ್ಟಣದವರೆಗಿನ ಒಳ್ಳೆಯ ರಸ್ತೆಯಲ್ಲಿ. ನಾಲ್ಕು ಪಥ, ನಡುವೆ ಡಿವೈಡರು, ಮಾಡಲು ಏನೂ ಕೆಲಸವಿಲ್ಲ. ಅದೂ ಬೆಳಗಿನ ಜಾವ, ಹಗಲಲ್ಲಿ ಮಲಗಿ ಅಭ್ಯಾಸವಿರುವವರಿಗೂ ದೇಹ ತಾನಾಗಿ ನಿದ್ದೆಗೆ ಜಾರುವ ಹೊತ್ತು.

ಸೂಚನೆಗಳು ಎಷ್ಟೋ ತಿಂಗಳ ಹಿಂದೆಯೇ ಸಿಕ್ಕಿದ್ದವು. ಆಕಳಿಕೆಯನ್ನು ನಾನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಒಂದು ಸಲ "ಯಡಿಯೂರು ಬಂತಾ?" ಅಂತ ಕೇಳಿದಳು. ಯಡಿಯೂರು ದಾಟಿ ಹತ್ತು ನಿಮಿಷವಾಗಿತ್ತು. ಇಬ್ಬರೂ ನಕ್ಕೆವು. ಓಡಿಸಿದ ದಾರಿಯೇ ನೆನಪಿಲ್ಲವೆಂದರೆ ಅದು ನಗುವ ವಿಷಯವಲ್ಲವೆಂದು ಆಗ ತಲೆಗೆ ಹೋಗಲಿಲ್ಲ. ಹಂಪ್ ಇದ್ದದ್ದು ಕಾಣದೆ ಹಾರಿಸುವುದು, ಸುಮ್ಮಸುಮ್ಮನೆ ವೇಗ ಇಳಿಯುವುದು ಏರುವುದು, ಟೈರು ರಸ್ತೆಯಂಚಿನ ಬಿಳಿ ಪಟ್ಟಿಯ ಮೇಲೆ ಗರಗರ ಸದ್ದು ಮಾಡುವುದು ಎಲ್ಲವೂ ಆಗಿತ್ತು.

ಆಗ ನಾನು ಮಾಡುತ್ತಿದ್ದದ್ದೇನು? ಮಾತಾಡುತ್ತಿದ್ದೆ. "ನೀನು ಮಾತಾಡ್ತಾ ಇರು, ನಂಗೆ ನಿದ್ದೆ ಬರುದಿಲ್ಲ" ಅನ್ನುತ್ತಿದ್ದಳು. ಅಂತ್ಯಾಕ್ಷರಿ ಹಾಡಿದೆ. ಕಿಟಕಿ ಇಳಿಸಿದೆ, ಹಾಡಿನ ಸದ್ದು ಜೋರು ಮಾಡಿದೆ, ಒದ್ದೆ ಕರವಸ್ತ್ರ ಕೊಟ್ಟೆ, ಹುಣಸೆ ಮಿಠಾಯಿ ಕೊಟ್ಟೆ. ತಣ್ಣನೆ ಗಾಳಿ, ರೇಡಿಯೋ ಇವೆಲ್ಲ ಒಂದಿಷ್ಟು ನಿಮಿಷಕ್ಕೆ ಮೈಯನ್ನು ಮೋಸ ಮಾಡುತ್ತವೆ, ನಿದ್ದೆಯನ್ನು ತೀರಿಸುವುದಿಲ್ಲ. ಲಾರಿಯ ಘಟನೆಯ ನಂತರದ ವಾರ ಪಾತ್ರೆ ತೊಳೆಯುತ್ತಾ ನಿಂತಿದ್ದಾಗ ನನಗೊಂದು ವಿಷಯ ಹೊಳೆಯಿತು, ಕೈ ಅಲ್ಲೇ ನಿಂತಿತು. ಅವಳು ನಿದ್ದೆಗೆಟ್ಟು ಹೊರಡುವ ಧೈರ್ಯ ಮಾಡುತ್ತಿದ್ದದ್ದೇ ನಾನಿದ್ದೇನೆ ಅಂತ. ನಾನು ಎಚ್ಚರವಿದ್ದದ್ದರಿಂದ ಅವಳಿಗೆ ತಾನು ಎಚ್ಚರವಿರಬೇಕು ಅನಿಸುತ್ತಿರಲಿಲ್ಲ. ನಾನು ಅವಳನ್ನು ಕಾಯುತ್ತಿದ್ದೇನೆ ಅಂದುಕೊಂಡಿದ್ದೆ. ಆ ಪ್ರಯಾಣವನ್ನು ನಡೆಸುತ್ತಿದ್ದವಳೇ ನಾನು.

ಅದಾದ ಮೇಲೂ ನಾನು ಮಾಡಿದ್ದೆಲ್ಲ ಸರಿಯಾಗಿರಲಿಲ್ಲ. ಮೊದಲ ತಪ್ಪು, ಬೆಳಗಿನ ಜಾವ ನಾಲ್ಕೂವರೆಗೆ ಬಾಗಿಲಲ್ಲಿ ನಿಂತು ಜಗಳ ತೆಗೆದದ್ದು. ನಿದ್ದೆಗೆಟ್ಟವರಿಗೆ ಬುದ್ಧಿ ಹೇಳಿದರೆ ಅದು ಕಿವಿಗೆ ಬೈಗುಳವಾಗಿಯೇ ಬೀಳುತ್ತದೆ. ಎರಡನೆಯದು, ಕೀ ಬಚ್ಚಿಟ್ಟದ್ದು. ಅಕ್ಕಿ ಡಬ್ಬದೊಳಗೆ ಹಾಕಿದ್ದೆ. ಅವಳು ಇಡೀ ಮನೆ ಹುಡುಕಿ, ನನ್ನ ಮುಖ ನೋಡಿ, ಅರ್ಥ ಮಾಡಿಕೊಂಡು, "ನೀನು ನನ್ನ ಅಮ್ಮ ಅಲ್ಲ" ಅಂದಳು. ನಿಜವೇ. ಸ್ವಂತ ತಂಗಿಯಾಗಿದ್ದರೆ ಬೈದು ಕೂರಿಸುತ್ತಿದ್ದೆ. ಇವಳು ನನ್ನ ಜೊತೆ ಬಾಡಿಗೆ ಹಂಚಿಕೊಂಡವಳು, ಅವಳ ಕಾರು, ಅವಳ ದುಡ್ಡು, ಅವಳ ಅಪ್ಪ. ಸೋಮವಾರ ಮತ್ತೆ ಇದೇ ಅಡುಗೆಮನೆಯಲ್ಲಿ ಎದುರುಬದುರು ನಿಲ್ಲಬೇಕು. ಅವತ್ತು ಅವಳು ಹೋಗಲಿಲ್ಲ, ಆದರೆ ಆಮೇಲೆ ಕೀಯನ್ನು ತನ್ನ ದಿಂಬಿನ ಕೆಳಗೆ ಇಟ್ಟುಕೊಳ್ಳತೊಡಗಿದಳು. ನಾನು ಗೆದ್ದದ್ದು ಒಂದೇ ಒಂದು ಶನಿವಾರ.

ಕೊನೆಗೆ ರಜೆ ಹಾಕಿ ಒಂದು ಮಂಗಳವಾರ ಮನೆಯಲ್ಲಿ ಉಳಿದೆ. ಅವಳು ನಿದ್ದೆ ಮುಗಿಸಿ ಮಧ್ಯಾಹ್ನ ಒಂದಕ್ಕೆ ಎದ್ದಳು. ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ ಮಾಡಿಟ್ಟಿದ್ದೆ. ಊಟ ಮುಗಿಯುವ ತನಕ ಏನೂ ಹೇಳಲಿಲ್ಲ. ಆಮೇಲೆ ಹೇಳಿದೆ. ಅವಳು ಏನು ಮಾಡಬೇಕು ಅಂತ ಒಂದು ಮಾತೂ ಆಡದೆ, ನಾನು ಏನು ಮಾಡುತ್ತೇನೆ ಅಂತಷ್ಟೇ ಹೇಳಬೇಕೆಂದು ಮನಸ್ಸಿನಲ್ಲೇ ನಾಲ್ಕು ಸಲ ಹೇಳಿಕೊಂಡಿದ್ದೆ. "ಪಾಳಿ ಮುಗಿಸಿ ನೀನು ಆರು ಗಂಟೆ ಹೊತ್ತಾದರೂ ಮಲಗದೆ ಹೊರಟರೆ ನಾನು ಆ ಕಾರಿನಲ್ಲಿ ಕೂರುದಿಲ್ಲ. ದಾರಿಯಲ್ಲಿ ನಿಂಗೆ ನಿದ್ದೆ ಬಂದರೆ, ನಿಲ್ಸು ಅಂತ ಒಂದು ಸಲ ಹೇಳ್ತೇನೆ. ನಿಲ್ಸದಿದ್ದರೆ ಮುಂದಿನ ಟೋಲಿನಲ್ಲಿ ಇಳಿದು ಬಸ್ ಹತ್ತುತ್ತೇನೆ. ನೀನು ಒಬ್ಬಳೇ ಹಾಗೆ ಹೊರಟರೆ ನಿನ್ನ ಅಣ್ಣನಿಗೆ ಫೋನ್ ಮಾಡ್ತೇನೆ. ಕದ್ದು ಮಾಡುದಿಲ್ಲ, ಈಗಲೇ ನಿಂಗೆ ಹೇಳಿದ್ದೇನೆ."

ಅವಳು ತಟ್ಟೆಯಲ್ಲಿ ಬೆರಳಾಡಿಸುತ್ತಾ ಕೂತಳು. "ಐದು ವರ್ಷದಿಂದ ಓಡಿಸ್ತಿದ್ದೇನೆ, ಎಂತ ಆಗಿದೆ?" ಅಂದಳು. ಆಗ ನಾನು ಅವಳ ಚಿಕ್ಕಮ್ಮನ ಮಗಳ ಮದುವೆಯನ್ನು ನೆನಪಿಸಿದೆ. ಮೆಹಂದಿ ರಾತ್ರಿ ಕುಡಿದಿದ್ದ ನೆಂಟನೊಬ್ಬ ಬಿಡುತ್ತೇನೆಂದು ಬಂದಾಗ, ಎಲ್ಲರೆದುರೇ ಕಾರು ಹತ್ತುವುದಿಲ್ಲ ಅಂದವಳು ಅವಳೇ. ನಿದ್ದೆಗೆಟ್ಟು ಓಡಿಸುವುದೂ ಅಂಥದ್ದೇ ಅಂದೆ. 1997ರಲ್ಲಿ ಡ್ರೂ ಡಾಸನ್ ಮತ್ತು ಕ್ಯಾಥರೀನ್ ರೀಡ್ ಎಂಬ ಇಬ್ಬರು ಆಸ್ಟ್ರೇಲಿಯಾದಲ್ಲಿ ಮಾಡಿದ ಪ್ರಯೋಗವೊಂದು 'ನೇಚರ್' ಪತ್ರಿಕೆಯಲ್ಲಿ ಬಂದಿತ್ತು. 17 ಗಂಟೆ ನಿದ್ದೆಯಿಲ್ಲದೆ ಇದ್ದವರ ಕಣ್ಣು ಕೈಗಳ ಹೊಂದಾಣಿಕೆ, ರಕ್ತದಲ್ಲಿ ಶೇಕಡಾ 0.05 ಮದ್ಯ ಇದ್ದವರಷ್ಟೇ ಕುಂದಿತ್ತು. ನಮ್ಮ ದೇಶದ ಕಾನೂನಿನಲ್ಲಿ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇಕಡಾ 0.03. "ಶನಿವಾರ ನಾಲ್ಕು ಗಂಟೆಗೆ ನೀನು ಎದ್ದು ಎಷ್ಟು ಹೊತ್ತಾಗಿರ್ತದೆ, ಲೆಕ್ಕ ಹಾಕು" ಅಂದೆ. ಶುಕ್ರವಾರ ಬೆಳಿಗ್ಗೆ ಬಟ್ಟೆ, ಬ್ಯಾಂಕು, ಅಪ್ಪನ ಮಾತ್ರೆ ಅಂತ ಅವಳು ಹತ್ತಕ್ಕೇ ಎದ್ದುಬಿಡುತ್ತಿದ್ದಳು. ಲೆಕ್ಕ ಹಾಕಿದಳು. ಏನೂ ಹೇಳದೆ ಎದ್ದು ಕೈ ತೊಳೆದಳು. ಕುಡಿದವರನ್ನು ಊದಿಸಿ ಹಿಡಿಯುವ ಯಂತ್ರ ಪೊಲೀಸರ ಹತ್ತಿರ ಇದೆ. ನಿದ್ದೆಗೆಟ್ಟವರನ್ನು ಹಿಡಿಯಬೇಕಾದವರು ಪಕ್ಕದಲ್ಲಿ ಕೂತವರೇ.

ಒಪ್ಪಿದಳೆಂದು ನಾನು ತಿಳಿದೆ. ಮೂರನೆಯ ಶನಿವಾರ ಕಣ್ಣುಬಿಟ್ಟಾಗ ಗೇಟಿನ ಸದ್ದು ಕೇಳಿತು. ಕೆಳಗೆ ಓಡಿದೆ. ಕಾರು ಹೊರಗೆ ನಿಂತಿತ್ತು, ಅವಳು ಗೇಟು ಎಳೆಯುತ್ತಿದ್ದಳು. "ಅಪ್ಪನಿಗೆ ಜ್ವರ, ಅಮ್ಮ ಮೂರು ದಿನದಿಂದ ನಿದ್ದೆ ಮಾಡಿಲ್ಲ. ನೀನು ಬರ್ತೀಯಾ ಇಲ್ವಾ?" ಅಂದಳು. ನನ್ನ ಕಾಲು ಕಾರಿನ ಕಡೆಗೇ ಎಳೆಯಿತು. ನಾನಿದ್ದರೆ ಎಬ್ಬಿಸಿಯಾದರೂ ಕರೆದೊಯ್ಯುತ್ತೇನೆ, ಒಬ್ಬಳನ್ನೇ ಕಳಿಸುವುದಕ್ಕಿಂತ ಅದು ವಾಸಿಯಲ್ಲವೇ ಅನಿಸಿತು. ಆ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಪೂರ್ತಿ ಉತ್ತರವಿಲ್ಲ. "ಬರುದಿಲ್ಲ" ಅಂದೆ. ಹಿಂದಿನ ದೀಪ ತಿರುವಿನಲ್ಲಿ ಮರೆಯಾಗುವ ತನಕ ನೈಟಿಯಲ್ಲೇ ರಸ್ತೆಯಲ್ಲಿ ನಿಂತಿದ್ದೆ.

ಮೇಲೆ ಬಂದು ಮಂಗಳೂರಿನಲ್ಲಿರುವ ಅವಳ ಅಣ್ಣನಿಗೆ ಫೋನ್ ಮಾಡಿದೆ. ಓಡಿಸುವಾಗ ಅವಳಿಗೆ ಕರೆ ಮಾಡಬೇಡಿ, ಮೆಸೇಜ್ ಹಾಕಿ ಅಂತ ಮೊದಲೇ ಹೇಳಿ, ಲಾರಿಯ ಕತೆ, ಶನಿವಾರದ ರಾತ್ರಿಗಳ ಕತೆ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಅವಳು ಅಲ್ಲಿ ರಾತ್ರಿ ಮಲಗುದೇ ಇಲ್ವಾ? ನಂಗೆ ಗೊತ್ತೇ ಇರ್ಲಿಲ್ಲ" ಅಂದರು. ಎಂಟು ಗಂಟೆಗೆ ಅವಳಿಂದ ನನಗೊಂದು ಮೆಸೇಜ್ ಬಂತು: 'ಟೋಲ್ ಹತ್ರ ನಿಲ್ಸಿ ಮಲಗಿದ್ದೆ. ಈಗ ಹೊರಟೆ.' ಊರು ಮುಟ್ಟಿದ ಮೆಸೇಜ್ ಬಂದದ್ದು ಮಧ್ಯಾಹ್ನ. ನಡುವಿನ ಆ ಹೊತ್ತಿನಲ್ಲಿ ನಾನು ಏನು ಮಾಡಿದೆನೆಂದು ಕೇಳಿದರೆ, ಒಂದೇ ಟವೆಲನ್ನು ಮೂರು ಸಲ ಮಡಚಿದ್ದು ನೆನಪಿದೆ.

ಹನ್ನೆರಡು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಹಾಲಿನ ಲೆಕ್ಕವನ್ನು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸುತ್ತಿದ್ದಳು. ಈ ಹನ್ನೆರಡು ದಿನಕ್ಕೆ ಯಾರೂ ನನ್ನನ್ನು ತಯಾರು ಮಾಡಿರಲಿಲ್ಲ. ಒಂದು ಗೆರೆ ಎಳೆದರೆ ಅದರ ಆಚೆ ನಾವೂ ಒಬ್ಬರೇ ಉಳಿಯುತ್ತೇವೆ. ಹದಿಮೂರನೆಯ ದಿನ ಅವಳಾಗಿಯೇ ಬಂದು, ಅಣ್ಣ ಶುಕ್ರವಾರ ರಾತ್ರಿ ಪುತ್ತೂರಿಗೆ ಹೋಗಲು ಒಪ್ಪಿದ್ದಾನೆ ಅಂತ ಹೇಳಿದಳು. ಅವರು ಎಲ್ಲ ವಾರವೂ ಹೋಗುವುದಿಲ್ಲ. ಅವರು ಹೋಗುವ ವಾರ ಇವಳಿಗೆ ಬೆಳಿಗ್ಗೆ ಓಡಬೇಕಾದ ಅವಸರವಿರುವುದಿಲ್ಲ. ಉಳಿದ ವಾರ ಕೆಲವೊಮ್ಮೆ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಮಲಗಿಕೊಂಡು ಹೋಗುತ್ತಾಳೆ.

ಅವಳಿಗೆ ಬೇಡ ಅನ್ನುವವಳು ಎಡಗಡೆ ಸುಮ್ಮನೆ ಕೂತಿರುವುದು ನನಗೇ ಸರಿ ಕಾಣಲಿಲ್ಲ. ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಎಲ್‌ಎಲ್‌ಆರ್ ಮಾಡಿಸಿ, 30 ದಿನ ಕಳೆದ ಮೇಲೆ ಟೆಸ್ಟ್ ಕೊಟ್ಟು ಲೈಸೆನ್ಸ್ ತೆಗೆದುಕೊಂಡೆ. ಘಾಟಿ ಇಳಿಸುವ ಧೈರ್ಯ ಇನ್ನೂ ಇಲ್ಲ. ನೆಲಮಂಗಲದಿಂದ ಹಾಸನದ ತನಕ, ಅವಳಿಗೆ ಕಣ್ಣೆಳೆಯುವ ಆ ನೇರ ರಸ್ತೆ ಈಗ ನನ್ನದು. ಅವಳ ಸರದಿಯಲ್ಲಿ ಕಣ್ಣು ಉರಿದರೆ ನಿಲ್ಲಿಸಿ, ಕಾಫಿ ಕುಡಿದು, ಕೂಡಲೇ 20 ನಿಮಿಷ ಸೀಟು ಹಿಂದಕ್ಕೆ ಮಾಡಿ ಮಲಗುತ್ತಾಳೆ. ಕಾಫಿ ಮೈಗೆ ಹತ್ತಲು ಅಷ್ಟು ಹೊತ್ತು ಬೇಕು, ಅಷ್ಟರಲ್ಲಿ ಒಂದು ಜೊಂಪೂ ಆಗುತ್ತದೆ. ಇದು ರಾತ್ರಿಯ ನಿದ್ದೆಗೆ ಬದಲಿಯಲ್ಲ ಅಂತ ಈಗ ಅವಳೇ ಹೇಳುತ್ತಾಳೆ.

ಕಳೆದ ತಿಂಗಳು ಒಂದು ಶನಿವಾರ ಬೆಳಗಿನ ಜಾವ ಕ್ಯಾಬಿನ ಸದ್ದಿಗೆ ಎಚ್ಚರವಾಯಿತು. ಹಾಲ್‌ಗೆ ಬಂದು ನೋಡಿದರೆ ಅವಳು ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು, ಫ್ರಿಜ್ಜಿನ ಮೇಲಿನ ಕೀ ಕೈಗೆತ್ತಿಕೊಂಡು ನಿಂತಿದ್ದಳು. ನಾನು ಮಾತಾಡಲಿಲ್ಲ. ಅವಳು ಬೆರಳು ಮಡಚುತ್ತಾ ಏನೋ ಎಣಿಸಿದಳು. "ಹದಿನೆಂಟು" ಅಂದಳು. ಕೀಯನ್ನು ಮತ್ತೆ ಅಲ್ಲೇ ಇಟ್ಟಳು.

"ಹತ್ತೂವರೆಗೆ ಎಬ್ಬಿಸು. ಹನ್ನೊಂದಕ್ಕೆ ಹೊರಡುವ. ಅಮ್ಮನಿಗೆ ನೀನೇ ಹೇಳು, ಲೇಟಾಗ್ತದೆ ಅಂತ."

ಅವಳು ಗೋಡೆಗೆ ಮುಖ ಮಾಡಿ ಮಲಗಿದ ಮೇಲೆ ನಾನು ಹಾಲಿನ ಪ್ಯಾಕೆಟ್ ಒಳಗೆ ತಂದೆ, ಕಾಲಿಂಗ್ ಬೆಲ್ಲಿನ ಸ್ವಿಚ್ ಆರಿಸಿದೆ.