ಹಳೆಯ ಡೀಸೆಲ್ ಜನರೇಟರಿನ ತಂತಿ ಮತ್ತು ಮಾಪಕಗಳ ದೋಷ ಪರೀಕ್ಷೆ

ಪಂಪು ನಡೆಸುವುದಕ್ಕಾಗಿ ಹಳೆಯ ಡೀಸೆಲ್ ಜನರೇಟರನ್ನು ಇಟ್ಟುಕೊಂಡಿರುವ ಹಿಡುವಳಿದಾರರು ಅನೇಕರುಂಟು. ಇಂಜಿನು ಗಟ್ಟಿಯಾಗಿದ್ದರೂ ಅದರ ತಂತಿಗಳು ಶಾಖ, ಎಣ್ಣೆ, ಅದುರುವಿಕೆ, ಇಲಿಯ ಹಲ್ಲು ಇವುಗಳಿಂದ ಕೆಡುವುವು. ತಂತಿ ಕೆಟ್ಟರೆ ಮಾಪಕದ ಮುಳ್ಳು ಸುಳ್ಳು ಹೇಳುವುದು.

ಒಂದು ತೋಟದಲ್ಲಿ ಎಣ್ಣೆಯ ಒತ್ತಡದ ಮುಳ್ಳು ತಿಂಗಳುಗಟ್ಟಲೆ ಸೊನ್ನೆಯಲ್ಲಿ ನಿಂತಿದ್ದಿತು. ಅದರ ಚಾಳಿಯೇ ಹಾಗೆಂದು ಯಜಮಾನರು ಸುಮ್ಮನಿದ್ದರು. ಎಣ್ಣೆಯು ನಿಜವಾಗಿ ಸೋರಿಹೋದ ದಿನವೂ ಮುಳ್ಳು ಅಲ್ಲಿಯೇ ಇದ್ದಿತು. ಬೇರಿಂಗುಗಳು ಸುಟ್ಟು ಇಂಜಿನು ಹಿಡಿದುಕೊಂಡಿತು. ನೀರಿಲ್ಲದೆ ಕಬ್ಬು ಒಣಗಿತು. ನಾನು ಹೋಗಿ ನೋಡಲಾಗಿ, ಮೊದಲಿನ ದೋಷವು ತಂತಿಯ ತುದಿಯಲ್ಲಿ ತುಕ್ಕು ಹಿಡಿದ ಒಂದು ತಿರುಪು ಮಾತ್ರವಾಗಿದ್ದಿತು.

ಎಚ್ಚರಿಕೆ: 230 ವೋಲ್ಟಿನ ಭಾಗವು ಪ್ರಾಣ ತೆಗೆಯತಕ್ಕದ್ದು, ಅದನ್ನು ಬಲ್ಲ ಮಿಸ್ತ್ರಿಗೇ ಬಿಡತಕ್ಕದ್ದು. ಕೆಳಗಿನ ಕ್ರಮವು 12 ವೋಲ್ಟಿನ ಬ್ಯಾಟರಿ ಭಾಗಕ್ಕೆ ಮಾತ್ರ ಸಲ್ಲುವುದು. ತಂತಿಗಳನ್ನು ಕೆರೆದು ಬಿಗಿಮಾಡುವ ಮುನ್ನ ಇಂಜಿನನ್ನು ನಿಲ್ಲಿಸಿ, ಬ್ಯಾಟರಿಯಿಂದ ಇಂಜಿನಿನ ಮೈಗೆ ಬಂದಿರುವ ತಂತಿಯನ್ನು ಮೊದಲು ಬಿಚ್ಚಬೇಕು. ಅದನ್ನೇ ಕಟ್ಟಕಡೆಗೆ ಸೇರಿಸಬೇಕು.

1. ಬ್ಯಾಟರಿ: ಕೆಲಸವಿಲ್ಲದೆ ನಿಂತಿರುವ ತುಂಬಿದ ಬ್ಯಾಟರಿಯು ಸುಮಾರು 12.6 ವೋಲ್ಟು ತೋರುವುದು. ಇಂಜಿನು ನಡೆಯುವಾಗ ಇದು 13.8ರಿಂದ 14.4ರವರೆಗೆ ಏರಬೇಕು. ಏರದಿದ್ದರೆ ಬ್ಯಾಟರಿ ತುಂಬುವ ಯಂತ್ರ, ಅದರ ಬೆಲ್ಟು, ತಂತಿ ಇವುಗಳನ್ನು ನೋಡಬೇಕು.

2. ಮೈತಂತಿ: ಎಲ್ಲಾ ಮಾಪಕಗಳೂ ಒಟ್ಟಿಗೆ ತಪ್ಪು ತೋರಿದರೆ ಅವೆಲ್ಲವೂ ಕೆಟ್ಟಿರುವುದು ಅಪೂರ್ವ. ಅವುಗಳಿಗೆ ಸಾಮಾನ್ಯವಾದ ಫ್ಯೂಸನ್ನೂ, ಮೈಗೆ ಸೇರುವ ತಂತಿಯನ್ನೂ ಶಂಕಿಸಬೇಕು. ತಂತಿ ಸೇರುವ ಸ್ಥಳದ ಬಣ್ಣ, ತುಕ್ಕುಗಳನ್ನು ಲೋಹವು ಹೊಳೆಯುವವರೆಗೆ ಉಜ್ಜಿ ಬಿಗಿಮಾಡಬೇಕು.

3. ಒಂದೇ ಮಾಪಕ ಕೆಟ್ಟರೆ: ಇಂಜಿನು ನಿಂತಿರುವಾಗ ಬೀಗದ ಕೈ ತಿರುಗಿಸಿ, ಇಂಜಿನಿಗೆ ತಿರುಪಿರುವ ಸೆಂಡರಿನ ತಂತಿಯನ್ನು ಕಳಚಿ ನೋಡಿರಿ, ಬಳಿಕ ಅದರ ತುದಿಯನ್ನು ಕ್ಷಣಮಾತ್ರ ಇಂಜಿನಿನ ಮೈಗೆ ಮುಟ್ಟಿಸಿರಿ. ಮುಳ್ಳು ಒಂದು ಕೊನೆಯಿಂದ ಮತ್ತೊಂದಕ್ಕೆ ಓಡಿದರೆ ಮಾಪಕವೂ ತಂತಿಯೂ ಸರಿ. ದೋಷವು ಸೆಂಡರಿನಲ್ಲಾಗಲಿ ಅದರ ಮೈಸೇರುವೆಯಲ್ಲಾಗಲಿ ಇರುವುದು. ಅಲುಗದಿದ್ದರೆ ಮಾಪಕದ ಹಿಂದಿನ ಸೆಂಡರ್ ತಿರುಪಿನಲ್ಲಿ ಇದೇ ಪರೀಕ್ಷೆ ಮಾಡಿರಿ. ಅಲ್ಲಿ ಓಡಿದರೆ ನಡುವಣ ತಂತಿಯಲ್ಲಿ ದೋಷವಿದೆ. ಅಲ್ಲಿಯೂ ಓಡದಿದ್ದರೆ ಮಾಪಕವನ್ನೂ ಅದಕ್ಕೆ ವಿದ್ಯುತ್ತು ತರುವ ತಂತಿಯನ್ನೂ ನೋಡಬೇಕು. ತಂತಿಯ ಬದಲು ಸಣ್ಣ ಕೊಳವೆಯಿರುವ ಹಳೆಯ ಮಾಪಕಕ್ಕೆ ಈ ಪರೀಕ್ಷೆ ಸಲ್ಲದು.

4. ಫ್ಯೂಸು: ಪದೇ ಪದೇ ಸುಡುತ್ತಿದ್ದರೆ ದಪ್ಪ ತಂತಿ ಹಾಕಕೂಡದು, ಹಾಕಿದರೆ ಫ್ಯೂಸಿನ ಬದಲು ತಂತಿಯೇ ಉರಿಯುವುದು. ಹೊದಿಕೆ ಸವೆದು ಲೋಹಕ್ಕೆ ತಗಲುವ ಸ್ಥಳವನ್ನು ಹುಡುಕಬೇಕು.

ಎಣ್ಣೆಯ ಒತ್ತಡದ ಮುಳ್ಳು ಇಳಿದರೆ, ಅದು ಸುಳ್ಳೆಂದು ಸಿದ್ಧವಾಗುವವರೆಗೆ ನಿಜವೆಂದೇ ತಿಳಿದು ಇಂಜಿನನ್ನು ಒಡನೆ ನಿಲ್ಲಿಸತಕ್ಕದ್ದು. ಅಳತೆ ಕಡ್ಡಿಯಲ್ಲಿ ಎಣ್ಣೆ ಸರಿಯಾಗಿದ್ದರೂ ಒತ್ತಡವಿದೆಯೆಂದು ಅರ್ಥವಲ್ಲ. ಸೆಂಡರಿನ ಸ್ಥಾನದಲ್ಲಿ ಕೊಳವೆಯ ಮಾಪಕವನ್ನು ಕೂರಿಸಿ ನಿಜವಾದ ಒತ್ತಡವನ್ನು ಅಳೆಯಿಸಬೇಕು. ಇದನ್ನು ಗ್ರಾಮಸ್ಥರಿಗೆ ಓದಿ ತಿಳಿಸಬೇಕಾಗಿ ಕೋರಿದೆ.