ಕಬ್ಬಿಣದ ಕಣ, ಕ್ಯಾನ್ಸರಿಗೆ ಶಾಖ

ಕೃಷ್ಣಾ ಹೊಳಿ ಮರಳಿನಾಗ ಅಯಸ್ಕಾಂತ ಆಡಿಸಿದರ ಕರಿ ಪುಡಿ ಮೆತ್ತಿಕೊಳ್ಳುವುದನ್ನು ನೋಡೀರಲ್ಲ? ಅದರಾಗ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡ್ ಇರುತ್ತದೆ. ಅದನ್ನೇ ಪ್ರಯೋಗಶಾಲೆಯಲ್ಲಿ ನ್ಯಾನೋ ಕಣವಾಗಿ ತಯಾರಿಸಿ ಕ್ಯಾನ್ಸರ್ ಚಿಕಿತ್ಸೆಗೆ ಬಳಸುವ ಪ್ರಯತ್ನ ನಡೆದಿದೆ. 1 ಮೀಟರನ್ನು 100 ಕೋಟಿ ಪಾಲು ಮಾಡಿದರ ಒಂದು ಪಾಲೇ 1 ನ್ಯಾನೋಮೀಟರ್.

ಉಪಯೋಗ ಎರಡು:

1) ಔಷಧ ಒಯ್ಯುವುದು: ಕಣಕ್ಕೆ ಔಷಧ ಅಂಟಿಸಿ ರಕ್ತದಲ್ಲಿ ಬಿಟ್ಟು, ಹೊರಗಿನ ಅಯಸ್ಕಾಂತದಿಂದ ಗಡ್ಡೆಯ ಹತ್ತಿರ ತಡೆದು ನಿಲ್ಲಿಸುವುದು. ಬೇರೆ ಅಂಗಗಳಿಗೆ ಔಷಧದ ತ್ರಾಸ ಕಡಿಮೆ ಆಗಲಿ ಎಂಬುದೇ ಉದ್ದೇಶ. ಆದರ ಗಡ್ಡೆ ಆಳದಾಗ ಇದ್ದರ ಅಯಸ್ಕಾಂತದ ಬಲ ಸಾಲದು.

2) ಶಾಖ: ಗಡ್ಡೆಯೊಳಗ ಕಣ ಸೇರಿಸಿ, ಕ್ಷಣಕ್ಕ ಸಾವಿರಾರು ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರ ಕೊಟ್ಟರ ಕಣಗಳು ಕಾಯುತ್ತವೆ. 42ರಿಂದ 45 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕ್ಯಾನ್ಸರ್ ಜೀವಕೋಶಗಳು ಸಾಯುತ್ತವೆ, ಇಲ್ಲವೆ ಸೊರಗುತ್ತವೆ. ಅಮೇರಿಕದ ಗಿಲ್‌ಕ್ರಿಸ್ಟ್ ಮತ್ತು ಸಂಗಡಿಗರು 1957ರಲ್ಲೇ ಇದನ್ನು ಬರೆದರು. 2010ರಲ್ಲಿ ಯುರೋಪಿನಲ್ಲಿ ಮೆದುಳಿನ ಗಡ್ಡೆಗೆ ಅನುಮತಿ ಸಿಕ್ಕಿತು.

ನಮ್ಮ ಸಮೀಪದ ಕೊಲ್ಲಾಪುರದ ಡಿ. ವೈ. ಪಾಟೀಲ ವಿಶ್ವವಿದ್ಯಾಲಯದಲ್ಲಿಯೂ ಪ್ರಾ. ಎಸ್. ಎಚ್. ಪವಾರ ಮತ್ತು ಸಂಗಡಿಗರು ಇಂಥ ಕಣಗಳ ಮೇಲೆ ಸಂಶೋಧನೆ ಮಾಡಿದ್ದಾರೆ.

ನೆನಪಿಡಿರಿ: ಅಯಸ್ಕಾಂತದ ಬಳೆ ಹಾಕಿಕೊಂಡರ ಕ್ಯಾನ್ಸರ್ ಹೋಗೂದಿಲ್ಲ. ನಿಪ್ಪಾಣಿ ತಂಬಾಕಿನ ಸೀಮೆ ನಮ್ಮದು. ತಂಬಾಕು ತಿನ್ನುವವರ ಬಾಯಿಹುಣ್ಣು ಎರಡು ವಾರದಾಗ ಮಾಯದಿದ್ದರ ತಡಮಾಡದೆ ಡಾಕ್ಟರಿಗೆ ತೋರಿಸಲು ಮನೆಯಲ್ಲಿ ಹೇಳಿರಿ.